ಮುರಕಲ್ಲು ಮಣ್ಣಿನಲ್ಲಿ ಮೇವಿನ ಹುಲ್ಲಿಗೆ ಸಾರಜನಕ ಮತ್ತು ರಂಜಕ ಗೊಬ್ಬರ: ಪೆರಾಬೆ ಪರಿಸರದ ಹೈನುಗಾರರಿಗೆ ಮಾಹಿತಿ

1. ಪೀಠಿಕೆ
ಹಿಂದೆ ಪುತ್ತೂರು ತಾಲ್ಲೂಕಿನಲ್ಲಿದ್ದು ಈಗ ಕಡಬ ತಾಲ್ಲೂಕಿಗೆ ಸೇರಿರುವ ಪೆರಾಬೆ ಗ್ರಾಮದ ಸುತ್ತಮುತ್ತ ಅಡಿಕೆ ಕೃಷಿಯೊಂದಿಗೆ ಹೈನುಗಾರಿಕೆಯೂ ನಡೆದು ಬಂದಿದೆ. ಕರಾವಿನ ಹಸುವೊಂದಕ್ಕೆ ದಿನವೊಂದಕ್ಕೆ 25ರಿಂದ 30 ಕಿಲೋ ಹಸಿರು ಮೇವು ಬೇಕಾಗುತ್ತದೆ. ಮೇವು ಸಾಲದಿದ್ದಲ್ಲಿ ಪಶು ಆಹಾರದ ಖರ್ಚು ಏರಿ ಹಾಲಿನ ಆದಾಯ ಕುಗ್ಗುತ್ತದೆ. ಹುಲ್ಲಿಗೆ ಗೊಬ್ಬರವನ್ನು ಯಾವಾಗ, ಎಷ್ಟು ಹಾಗೂ ಹೇಗೆ ನೀಡಬೇಕೆಂಬ ವಿವರಗಳನ್ನು ಈ ಕೆಳಗೆ ನೀಡಲಾಗಿದೆ.

2. ಮಣ್ಣಿನ ಗುಣ
ಇಲ್ಲಿನ ಮುರಕಲ್ಲು ಮಣ್ಣು ಹುಳಿಯಾಗಿದ್ದು, ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶಗಳಿಂದ ಕೂಡಿರುತ್ತದೆ. ಇವು ರಂಜಕವನ್ನು ಹಿಡಿದಿಟ್ಟುಕೊಳ್ಳುವುದರಿಂದ ಹಾಕಿದ ಗೊಬ್ಬರದ ಬಹುಭಾಗ ಬೇರಿಗೆ ದೊರೆಯುವುದಿಲ್ಲ. ಸಾರಜನಕದ ಸ್ಥಿತಿ ಇದಕ್ಕೆ ವಿರುದ್ಧವಾದುದು. ಅದು ನೈಟ್ರೇಟ್ ರೂಪದಲ್ಲಿ ಮಳೆನೀರಿನೊಂದಿಗೆ ಬೇರಿನ ಕೆಳಗಿಳಿದು ಹೋಗುತ್ತದೆ. ಉತ್ತರ ಅಮೆರಿಕದ ಪ್ರೇರಿ ಹುಲ್ಲುಗಾವಲುಗಳ ಕಪ್ಪು ಮಣ್ಣಿನಲ್ಲಿ ಸಾವಯವ ಅಂಶ ಹೆಚ್ಚು, ಮಳೆ ಕಡಿಮೆ. ಆದುದರಿಂದ ಅಂತಹ ಪ್ರದೇಶಗಳಿಗಾಗಿ ಸಿದ್ಧಪಡಿಸಿದ ಗೊಬ್ಬರದ ಪಟ್ಟಿಗಳು ಇಲ್ಲಿಗೆ ಅನ್ವಯಿಸುವುದಿಲ್ಲ.

3. ತಳಿಯ ಆಯ್ಕೆ
ಬಿಸಿಲು ಬೀಳುವ ಜಾಗಕ್ಕೆ ಹೈಬ್ರಿಡ್ ನೇಪಿಯರ್ ಸೂಕ್ತ. ತೋಟದ ಅರೆನೆರಳಿನಲ್ಲಿ ಗಿನಿ ಹುಲ್ಲನ್ನು ಬೆಳೆಯಬಹುದು.

4. ಗೊಬ್ಬರದ ಪ್ರಮಾಣ
ಇದೇ ಬಗೆಯ ಮಣ್ಣು ಮತ್ತು ಮಳೆಯುಳ್ಳ ನೆರೆಯ ಕೇರಳದ ಕೃಷಿ ವಿಶ್ವವಿದ್ಯಾನಿಲಯವು ಹೈಬ್ರಿಡ್ ನೇಪಿಯರ್‌ಗೆ ಹೆಕ್ಟೇರಿಗೆ 25 ಟನ್ ಕೊಟ್ಟಿಗೆ ಗೊಬ್ಬರ, 200 ಕಿಲೋ ಸಾರಜನಕ, 50 ಕಿಲೋ ರಂಜಕ ಹಾಗೂ 50 ಕಿಲೋ ಪೊಟ್ಯಾಷ್ ಶಿಫಾರಸು ಮಾಡಿದೆ. ಇದರಂತೆ 25 ಸೆಂಟ್ಸ್ ಜಾಗಕ್ಕೆ ವರ್ಷವೊಂದಕ್ಕೆ ಬೇಕಾಗುವ ಪ್ರಮಾಣ ಇಂತಿರುತ್ತದೆ:
• ಕೊಟ್ಟಿಗೆ ಗೊಬ್ಬರ: ಎರಡೂವರೆ ಟನ್
• ಯೂರಿಯಾ: ಸುಮಾರು 44 ಕಿಲೋ (45 ಕಿಲೋ ತೂಕದ ಒಂದು ಚೀಲ)
• ಸೂಪರ್ ಫಾಸ್ಫೇಟ್: ಸುಮಾರು 31 ಕಿಲೋ
• ಮ್ಯೂರಿಯೇಟ್ ಆಫ್ ಪೊಟ್ಯಾಷ್: ಸುಮಾರು 8 ಕಿಲೋ

ಸೂಪರ್ ಫಾಸ್ಫೇಟ್ ಬದಲಿಗೆ 11 ಕಿಲೋ ಡಿಎಪಿ ಬಳಸಿದಲ್ಲಿ ಯೂರಿಯಾವನ್ನು ಸುಮಾರು 4 ಕಿಲೋ ಕಡಿಮೆ ಮಾಡತಕ್ಕದ್ದು. ಗೋಬರ್ ಗ್ಯಾಸ್ ಸ್ಲರಿ ಅಥವಾ ಕೊಟ್ಟಿಗೆ ತೊಳೆದ ನೀರನ್ನು ಹುಲ್ಲಿಗೆ ಹರಿಸುವವರೂ ಯೂರಿಯಾ ತಗ್ಗಿಸಬೇಕು. ಮಣ್ಣು ಪರೀಕ್ಷೆಯ ವರದಿ ಇದ್ದಲ್ಲಿ ಅದರಲ್ಲಿ ಸೂಚಿಸಿದ ಪ್ರಮಾಣವನ್ನೇ ಅನುಸರಿಸುವುದು.

5. ನೀಡುವ ಕ್ರಮ
ಅ) ರಂಜಕ: ಪೂರ್ತಿ ಪ್ರಮಾಣವನ್ನು ನಾಟಿಯ ಸಮಯದಲ್ಲಿಯೇ ಕೊಟ್ಟಿಗೆ ಗೊಬ್ಬರದೊಂದಿಗೆ ಬೆರೆಸಿ ಸಾಲಿನಲ್ಲಿ ಬೇರಿನ ಸಮೀಪ ಹಾಕುವುದು. ಮೇಲೆ ಎರಚಿದಲ್ಲಿ ಅದು ಮಣ್ಣಿನಲ್ಲಿಯೇ ಬಂಧಿಯಾಗುತ್ತದೆ. ಹುಳಿ ಮಣ್ಣಿನಲ್ಲಿ ಶಿಲಾರಂಜಕವೂ ನಿಧಾನವಾಗಿ ಕರಗಿ ದೊರೆಯುತ್ತದೆ. ಆದರೆ ಅದನ್ನು ಸುಣ್ಣದೊಂದಿಗೆ ಹಾಕಬಾರದು.
ಆ) ಸಾರಜನಕ: ಯೂರಿಯಾವನ್ನು 6 ಸಮಭಾಗ ಮಾಡಿ, ಮೊದಲ ಕಂತನ್ನು ನಾಟಿಯಾದ ಒಂದು ತಿಂಗಳಿಗೆ ಹಾಗೂ ಉಳಿದವನ್ನು ಪ್ರತಿ ಕಟಾವಿನ ನಂತರ ನೀಡುವುದು. ಜೂನ್-ಜುಲೈ ತಿಂಗಳ ಜಡಿಮಳೆಯಲ್ಲಿ ಯೂರಿಯಾ ಹಾಕಬಾರದು. ಅದು ತೋಡು ಮತ್ತು ಬಾವಿಯ ನೀರನ್ನು ಸೇರುತ್ತದೆ. ಮಳೆ ಬಿಡುವು ಕೊಟ್ಟು ಮಣ್ಣು ಹಸಿಯಿರುವಾಗ, ಬೇಸಿಗೆಯಲ್ಲಿ ನೀರು ಕೊಡುವ ದಿನ ಹಾಕುವುದು.
ಇ) ಸುಣ್ಣ: ಪರೀಕ್ಷಾ ವರದಿಯ ಪ್ರಕಾರ ನಾಟಿಗೆ 2-3 ವಾರ ಮುಂಚಿತವಾಗಿ ಹಾಕುವುದು. ಯೂರಿಯಾದೊಂದಿಗೆ ಸೇರಿಸಿದಲ್ಲಿ ಸಾರಜನಕ ಅನಿಲವಾಗಿ ನಷ್ಟವಾಗುತ್ತದೆ.

6. ಕಟಾವು ಮತ್ತು ಎಚ್ಚರಿಕೆ
ಮೊದಲ ಕಟಾವನ್ನು 75-80 ದಿನಗಳಿಗೆ, ನಂತರದವನ್ನು ಸುಮಾರು 45 ದಿನಗಳಿಗೊಮ್ಮೆ ಮಾಡಬಹುದು. ಯೂರಿಯಾ ಹೆಚ್ಚಾದ ಹುಲ್ಲು, ಅದರಲ್ಲಿಯೂ ಬರದಿಂದ ಬಾಡಿ ಹೊಸ ಮಳೆಗೆ ಚಿಗುರಿದ ಎಳೆ ಹುಲ್ಲು, ನೈಟ್ರೇಟ್ ಶೇಖರಿಸಿಕೊಂಡಿರುತ್ತದೆ. ಅದು ದನದ ಮೆಲುಕು ಚೀಲದಲ್ಲಿ ನೈಟ್ರೈಟ್ ಆಗಿ ಪರಿವರ್ತನೆ ಹೊಂದಿ, ರಕ್ತವು ಆಮ್ಲಜನಕ ಒಯ್ಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಏದುಸಿರು, ನಡುಕ, ತೂರಾಡುವಿಕೆ, ರಕ್ತ ಕಂದು ಬಣ್ಣಕ್ಕೆ ತಿರುಗುವುದು ಇದರ ಲಕ್ಷಣಗಳು. ಕೆಲವೇ ಗಂಟೆಗಳಲ್ಲಿ ಸಾವು ಸಂಭವಿಸಬಹುದು. ಕೂಡಲೇ ಆ ಮೇವನ್ನು ನಿಲ್ಲಿಸಿ ಪಶುವೈದ್ಯರನ್ನು ಕರೆಯಬೇಕು. ಸಂಚಾರಿ ಪಶು ಚಿಕಿತ್ಸಾಲಯದ ಸೇವೆಗೆ 1962 ಸಂಖ್ಯೆಗೆ ಕರೆ ಮಾಡಬಹುದು. ಎಳೆ ಹುಲ್ಲನ್ನು ಹಸಿದ ದನಕ್ಕೆ ಒಮ್ಮೆಲೇ ಹಾಕದೆ, ಒಣಹುಲ್ಲಿನೊಂದಿಗೆ ಬೆರೆಸಿ ಕೊಡುವುದು ಒಳಿತು. ಯೂರಿಯಾ ಚೀಲ, ಗೊಬ್ಬರ ಕಲಸಿದ ಬಕೆಟ್ ದನಗಳ ಬಾಯಿಗೆ ಸಿಗದಂತೆ ಇಡತಕ್ಕದ್ದು.

7. ಮಣ್ಣು ಪರೀಕ್ಷೆಗೆ ಸಲ್ಲಿಸಬೇಕಾದವು
ಜಾಗದ 10-15 ಕಡೆ ಕಸ ಸರಿಸಿ, ಇಂಗ್ಲಿಷ್ 'ವಿ' ಆಕಾರದಲ್ಲಿ 15 ಸೆಂ.ಮೀ. ಆಳದವರೆಗೆ ಮಣ್ಣು ತೆಗೆದು, ಬೆರೆಸಿ, ನೆರಳಿನಲ್ಲಿ ಒಣಗಿಸಿ ಅರ್ಧ ಕಿಲೋ ಮಾದರಿಯನ್ನು ಬಟ್ಟೆ ಚೀಲದಲ್ಲಿ ತುಂಬುವುದು. ಗೊಬ್ಬರದ ಗುಂಡಿ, ಬದು, ಮರದ ಬುಡ ಹಾಗೂ ಇತ್ತೀಚೆಗೆ ಗೊಬ್ಬರ ಹಾಕಿದ ಜಾಗದಿಂದ ಮಾದರಿ ತೆಗೆಯಬಾರದು. ಅರ್ಜಿದಾರರ ಹೆಸರು, ಗ್ರಾಮ, ಸರ್ವೆ ನಂಬರ್, ಬೆಳೆಯಲಿರುವ ಹುಲ್ಲಿನ ಹೆಸರನ್ನು ಚೀಟಿಯಲ್ಲಿ ಬರೆದು ಲಗತ್ತಿಸುವುದು. ಪಹಣಿ ಮತ್ತು ಆಧಾರ್ ಪ್ರತಿಯನ್ನು ಜೊತೆಗೆ ಒಯ್ಯುವುದು ಅನುಕೂಲಕರ. ರಿಯಾಯಿತಿ ದರದ ರಸಗೊಬ್ಬರವನ್ನು ಪರವಾನಗಿ ಪಡೆದ ಮಾರಾಟಗಾರರಿಂದಲೇ ಪಡೆದು, ರಸೀದಿಯನ್ನು ಕೇಳಿ ಪಡೆಯತಕ್ಕದ್ದು.

8. ಹೆಚ್ಚಿನ ಮಾಹಿತಿಗಾಗಿ
ಸಮೀಪದ ಪಶು ಚಿಕಿತ್ಸಾಲಯ, ಹೋಬಳಿಯ ರೈತ ಸಂಪರ್ಕ ಕೇಂದ್ರ ಅಥವಾ ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು. ಕಿಸಾನ್ ಕಾಲ್ ಸೆಂಟರ್‌ನ ಶುಲ್ಕರಹಿತ ದೂರವಾಣಿ ಸಂಖ್ಯೆ: 1800-180-1551.