ಕೇಬಲ್ ಕಂಬದ ಮೇಲೆ ಫೈಬರ್ ಬಂದ ಕಥೆ

ಬಹಳ ದಿನಗಳಿಂದ ಬರೀಬೇಕು ಅಂದುಕೊಂಡಿದ್ದ ವಿಷಯ ಇದು. ದಿನವಿಡೀ ಕೋಡ್ ಬರೆಯೋ ಕೆಲಸ ನನ್ನದು. ಆ ಕೋಡು ಊರಿನ ಮನೆಮನೆಗೆ ಯಾವ ತಂತಿಯಲ್ಲಿ ಹೋಗುತ್ತೆ, ಆ ತಂತಿಗೆ ದುಡ್ಡು ಹಾಕಿದ್ದು ಯಾರು ಅನ್ನೋ ಕುತೂಹಲ ಮೊದಲಿಂದಲೂ ಇದೆ. ಅರಸೀಕೆರೆ, ಹಳೇಬೀಡು, ಬೇಲೂರು ಕಡೆ ಯಾರನ್ನು ಕೇಳಿದ್ರೂ "ಫೈಬರ್ ಬಂತು, ಕೇಬಲ್ ಹೋಯ್ತು" ಅಂತಾರೆ. ಅಷ್ಟು ಸರಳವಾಗಿ ಏನೂ ಆಗಲಿಲ್ಲ ಅಂತ ನನಗನ್ನಿಸುತ್ತೆ.

ಮೊದಲು ಸ್ವಲ್ಪ ಭೂಗೋಳ. ಹೊಯ್ಸಳರ ಕಾಲದಲ್ಲಿ ಎಲ್ಲ ದಾರಿಗಳೂ ದ್ವಾರಸಮುದ್ರಕ್ಕೆ, ಅಂದರೆ ಈಗಿನ ಹಳೇಬೀಡಿಗೆ. ರೈಲು ಬಂದ ಮೇಲೆ ಲೆಕ್ಕ ತಿರುಗಾಮುರುಗಾ ಆಯ್ತು. ಅರಸೀಕೆರೆ ಜಂಕ್ಷನ್ ಆಯ್ತು, ಬೇಲೂರು ಹಳೇಬೀಡಿಗೆ ಹಳಿಯೇ ಬರಲಿಲ್ಲ. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಫೈಬರ್ ಕೂಡ ಹಳಿಯ ಹಿಂದೆಯೇ ಹೋಗೋ ಪ್ರಾಣಿ! ಉದ್ದಕ್ಕೂ ಒಬ್ಬನೇ ಮಾಲೀಕನ ಜಾಗ, ಪ್ರತಿ ಊರಲ್ಲೂ ಅನುಮತಿಗೆ ಅಲೆಯಬೇಕಿಲ್ಲ. 2000ರಲ್ಲಿ ರೈಲ್‌ಟೆಲ್ ಹುಟ್ಟಿದ್ದೇ ಈ ಅನುಕೂಲದ ಮೇಲೆ.

ಊರಿಂದ ಊರಿಗೆ ಎಳೆಯೋ ಖರ್ಚು ಸರ್ಕಾರಿ ಸಂಸ್ಥೆಗಳು ಹೊತ್ತವು ಅನ್ನಿ. ಕಷ್ಟ ಇರೋದು ಬೀದಿಯಲ್ಲಿ. ಒಂದು ಲೆಕ್ಕ ನೋಡಿ, ಅಂಕಿ ನಾನೇ ಊಹಿಸಿಕೊಂಡದ್ದು. ನೂರು ಮನೆ ಇರೋ ಬೀದಿಗೆ ಫೈಬರ್ ಎಳೆಯೋಕೆ 2 ಲಕ್ಷ ರೂಪಾಯಿ. ಐವತ್ತು ಮನೆಯವರು ತಗೊಂಡ್ರೆ ಮನೆಗೆ 4,000 ಬಿತ್ತು. ಹತ್ತೇ ಮನೆಯವರು ತಗೊಂಡ್ರೆ 20,000. ತಿಂಗಳಿಗೆ ಮನೆಗೆ 250 ರೂಪಾಯಿ ಕೈಯಲ್ಲಿ ಉಳಿಯುತ್ತೆ ಅಂದುಕೊಳ್ಳಿ. ಮೊದಲನೇದು 16 ತಿಂಗಳಲ್ಲಿ ವಾಪಸ್, ಎರಡನೇದಕ್ಕೆ 80 ತಿಂಗಳು, ಅಂದ್ರೆ ಆರೂಮುಕ್ಕಾಲು ವರ್ಷದ ಹತ್ತಿರ! ತಂತಿ ಅದೇ, ಬೀದಿ ಅದೇ. ಎಷ್ಟು ಮನೆಯವರು ತಗೋತಾರೆ ಅನ್ನೋದರ ಮೇಲೆ ಎಲ್ಲಾ ನಿಂತಿದೆ. ಆ ಬೀದಿಯಲ್ಲಿ ಆಗಲೇ ಒಬ್ಬ ಕೇಬಲಿನವನು ಇದ್ದರಂತೂ ಮುಗೀತು. ಅವನು ಹಾಕಿದ ದುಡ್ಡು ಎಂದೋ ವಸೂಲಾಗಿರುತ್ತೆ, ಬೇಕಾದ್ರೆ ರೇಟ್ ಇಳಿಸಿ ಕೂರಬಹುದು.

ಅಮೆರಿಕದಲ್ಲಿ ಆದದ್ದು ಇದೇ. ಅಲ್ಲಿನ ಕೇಬಲ್ ಕಂಪನಿಗಳು ಟಿವಿ ತಂತಿಯಲ್ಲೇ ಇಂಟರ್ನೆಟ್ ಕೊಡೋಕೆ ಶುರು ಮಾಡಿದ್ದವು. ಅವರ ಎದುರು ವೆರೈಝನ್ 2005ರಲ್ಲಿ ಫಯೋಸ್ ಶುರು ಮಾಡಿ, ಸಾವಿರಾರು ಕೋಟಿ ಡಾಲರ್ ಸುರಿದು, 2010ರಲ್ಲಿ ಹೊಸ ಊರುಗಳಿಗೆ ಹೋಗೋದನ್ನೇ ನಿಲ್ಲಿಸಿತು. 2012ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ಅಬ್ಬರದಿಂದ ಬಂದ ಗೂಗಲ್ ಫೈಬರ್ ಕೂಡ 2016ರಲ್ಲಿ ಬ್ರೇಕ್ ಹಾಕಿತು.

ನಮ್ಮಲ್ಲಿ ಕಥೆ ಬೇರೆ ದಾರಿ ಹಿಡಿಯಿತು. ಕಾರಣ ನಮ್ಮ ಕೇಬಲ್ ತಂತಿ ಅಷ್ಟು ಕಳಪೆ ಆಗಿತ್ತು :-) ಸಣ್ಣ ಊರುಗಳಲ್ಲಿ ಕೇಬಲ್ ಅಂದ್ರೆ ಒಂದು ಮನೆಯ ತಾರಸಿ ಮೇಲೆ ಡಿಶ್‌ಗಳು, ಅಲ್ಲಿಂದ ಕಂಬದಿಂದ ಕಂಬಕ್ಕೆ ಕಪ್ಪು ತಂತಿ, ಮಧ್ಯೆ ಮಧ್ಯೆ ಆಂಪ್ಲಿಫೈಯರ್. ದಾರಿಯಲ್ಲಿ ಎಲ್ಲೋ ಕರೆಂಟ್ ಹೋದ್ರೆ ನಿಮ್ಮ ಮನೇಲಿ ಕರೆಂಟ್ ಇದ್ರೂ ಉದಯ ಟಿವಿ ಬರ್ತಿರಲಿಲ್ಲ, ನೆನಪಿದೆಯಾ? ಅದು ಒಂದೇ ದಿಕ್ಕಿನ ದಾರಿ. ಮನೆಯಿಂದ ವಾಪಸ್ ಏನೂ ಕಳಿಸೋಕಾಗಲ್ಲ. ಅದರಲ್ಲಿ ಇಂಟರ್ನೆಟ್ ಕೊಡಬೇಕು ಅಂದ್ರೆ ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಬೇಕು. ಹೇಗೂ ಕಟ್ಟೋದಾದ್ರೆ ಫೈಬರನ್ನೇ ಯಾಕೆ ಎಳೀಬಾರದು? ಅದಕ್ಕೆ ಮಧ್ಯದಲ್ಲಿ ಕರೆಂಟೂ ಬೇಡ. ಬೆಳಕನ್ನ ಗಾಜಿನ ಸ್ಪ್ಲಿಟರ್ ಹಂಚುತ್ತೆ, ಆಫೀಸಿನ ಒಂದು ಪೋರ್ಟಿಂದ 32 ಅಥವಾ 64 ಮನೆಗೆ.

ಆದರೆ ಕೇಬಲಿನವರು ಆ ಕೆಲಸಕ್ಕೆ ಕೈ ಹಾಕಿದ್ದು ಬಹಳ ತಡವಾಗಿ. 2005ರಲ್ಲಿ ಬಿಎಸ್‌ಎನ್‌ಎಲ್ ಫೋನಿನ ತಾಮ್ರದ ತಂತಿಯಲ್ಲೇ ಡೇಟಾಒನ್ ತಂದಿತು. ಆಗಿನ ಸರ್ಕಾರಿ ನೀತಿ ಪ್ರಕಾರ 256 ಕೆಬಿಪಿಎಸ್ ಇದ್ರೆ ಅದು ಬ್ರಾಡ್‌ಬ್ಯಾಂಡ್! ಎಕ್ಸ್‌ಚೇಂಜಿನಿಂದ ನಾಲ್ಕೈದು ಕಿಲೋಮೀಟರ್ ದಾಟಿದ್ರೆ ಅದೂ ಸಿಗೋದು ಕಷ್ಟ. ತೋಟದ ಮನೆಗಳು ಅಲ್ಲಿಗೆ ಲೆಕ್ಕದಿಂದ ಹೊರಗೆ. 2011ರಲ್ಲಿ ಕೇಂದ್ರ ಸಂಪುಟ, ಮುಂದೆ ಭಾರತ್‌ನೆಟ್ ಆದ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಸುಮಾರು 20,000 ಕೋಟಿಯಲ್ಲಿ ಎರಡೂವರೆ ಲಕ್ಷ ಗ್ರಾಮ ಪಂಚಾಯ್ತಿಗಳಿಗೆ ಫೈಬರ್. ಒಳ್ಳೇ ಯೋಜನೆಯೇ. ಆದರೆ ತಂತಿ ಪಂಚಾಯ್ತಿ ಕಟ್ಟಡದ ಬಾಗಿಲಲ್ಲಿ ನಿಂತಿತು. ಅಲ್ಲಿಂದ ಮನೆಗೆ ಯಾರು ಎಳೀಬೇಕು?

ಆ ಹೊತ್ತಿಗೆ ಕೇಬಲಿನವರ ಸ್ಥಿತಿಯೂ ಕೆಟ್ಟಿತ್ತು. ಡಿಟಿಎಚ್ ಡಿಶ್‌ಗಳು ಮಾಡು ಹತ್ತಿದ್ದವು. 2017ರ ಮಾರ್ಚ್ ಹೊತ್ತಿಗೆ ಹಳ್ಳಿಗಳಲ್ಲೂ ಸೆಟ್‌ಟಾಪ್ ಬಾಕ್ಸ್ ಕಡ್ಡಾಯ ಆಯ್ತು. 2019ರ ಫೆಬ್ರವರಿಯಿಂದ ಟ್ರಾಯ್ ನಿಯಮದಂತೆ ಮೊದಲ ನೂರು ಚಾನೆಲ್ಲಿಗೆ ಗರಿಷ್ಠ 130 ರೂಪಾಯಿ ಅಂತ ಗೆರೆ ಬಿತ್ತು. ಬೇರೆ ಒಪ್ಪಂದ ಇಲ್ಲದಿದ್ರೆ ಅದರಲ್ಲಿ ಊರಿನ ಆಪರೇಟರಿಗೆ ನೂರಕ್ಕೆ 45. ಅಂದ್ರೆ ಸುಮಾರು 58 ರೂಪಾಯಿ. ಕಂಬ ಹತ್ತೋ ಹುಡುಗನ ಸಂಬಳ ಇದರಲ್ಲೇ ಬರಬೇಕು.

ಇಲ್ಲೇ ಎರಡೂ ಕಡೆಯ ಲೆಕ್ಕ ಕೂಡಿಕೊಂಡಿದ್ದು. ಬಿಎಸ್‌ಎನ್‌ಎಲ್ ಹತ್ತಿರ ಫೈಬರ್ ಇತ್ತು, ಬೀದಿಗೆ ಎಳೆಯೋ ಜನ ಇರಲಿಲ್ಲ. ಕೇಬಲಿನವರ ಹತ್ತಿರ ಕಂಬ ಇತ್ತು, ಏಣಿ ಇತ್ತು, ಪ್ರತಿ ತಿಂಗಳು ಮನೆ ಬಾಗಿಲಿಗೆ ಹೋಗಿ ದುಡ್ಡು ಕೇಳೋ ಸಲಿಗೆ ಇತ್ತು, ಮಾರೋ ಸರಕು ಇರಲಿಲ್ಲ. ತಂತಿ, ಓಎಲ್‌ಟಿ ಅವರು ಹಾಕೋದು, ಬರೋ ದುಡ್ಡಲ್ಲಿ ಸುಮಾರು ಅರ್ಧ ಅವರಿಗೆ ಅಂತ ಬಿಎಸ್‌ಎನ್‌ಎಲ್ ಪಾಲುದಾರಿಕೆ ಮಾಡಿಕೊಂಡಿತು. ರೈಲ್‌ಟೆಲ್ ಕೂಡ ರೈಲ್‌ವೈರ್ ಹೆಸರಲ್ಲಿ ಇದೇ ದಾರಿ ಹಿಡಿದಿತ್ತು. ದುಡ್ಡಿಗೇನೂ ಬರ ಇಲ್ಲದ ರಿಲಯನ್ಸ್ 2018ರ ಅಕ್ಟೋಬರಿನಲ್ಲಿ ಡೆನ್ ಮತ್ತು ಹಾಥ್‌ವೇ ಎಂಬ ಎರಡು ಕೇಬಲ್ ಕಂಪನಿಗಳನ್ನ ಕೊಳ್ಳೋಕೆ ಹೊರಟಿದ್ದೂ ಮನೆ ಬಾಗಿಲಿನ ಈ ಸಂಬಂಧಕ್ಕೇ ಅಂತ ನನ್ನ ಅಂದಾಜು. 2020ರ ಲಾಕ್‌ಡೌನಿನಲ್ಲಿ ನನ್ನಂಥವರೆಲ್ಲ ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದಾಗ, ಹತ್ತು ಮನೆಯ ಬೀದಿ ಐವತ್ತು ಮನೆಯ ಬೀದಿ ಆಯ್ತು.

ಹಾಗಾಗಿ ನಮ್ಮ ಕಡೆ ಕೇಬಲಿನ ಎದುರಾಳಿಯಾಗಬೇಕಿದ್ದ ಫೈಬರ್ ಅವರ ಹೆಗಲ ಮೇಲೇ ಕೂತು ಊರೊಳಗೆ ಬಂತು. ಕೊರತೆ ಇಲ್ಲ ಅಂತಲ್ಲ. ಗಾಳಿಮಳೆಗೆ, ತೆಂಗಿನ ಗರಿ ಬಿದ್ದು ಕಡಿಯೋ ತಂತಿ ಅದು. ನೆಲದಡಿ ಹೂಳೋಕೆ ಆ ಲೆಕ್ಕದಲ್ಲಿ ಜಾಗ ಇಲ್ಲ. ಜಾವಗಲ್ಲಿನಿಂದ ಹಳೇಬೀಡಿನ ಕಡೆ ಹೋಗೋವಾಗ ಹೊಲದ ಮಧ್ಯೆ ಕಾಣೋ ಒಂಟಿ ಮನೆಗಳಿಗೆ ಈ ಲೆಕ್ಕ ಕೂಡೋದೂ ಕಷ್ಟ. 2023ರ ಆಗಸ್ಟಿನಲ್ಲಿ ಭಾರತ್‌ನೆಟ್ಟಿನ ಮುಂದಿನ ಹಂತಕ್ಕೆ 1.39 ಲಕ್ಷ ಕೋಟಿ ಒಪ್ಪಿಗೆಯಾಗಿದ್ದು ಅಂಥ ಜಾಗಗಳನ್ನೂ ಮುಟ್ಟಲಿ ಅಂತ.

ಅದೇ ವರ್ಷ ಜಿಯೋ, ಏರ್‌ಟೆಲ್ ಎರಡೂ ಏರ್‌ಫೈಬರ್ ತಂದವು. 5ಜಿ ಟವರಿನಿಂದ ನೇರ ಮನೆಗೆ, ಕಂಬವೂ ಬೇಡ ಏಣಿಯೂ ಬೇಡ. ಮೇಲಿನ ಬೀದಿಯ ಐವತ್ತು ಮನೆಯಲ್ಲಿ ಇಪ್ಪತ್ತು ಆ ಕಡೆ ಹೋದರೆ, ಉಳಿದ ಮೂವತ್ತಕ್ಕೆ ಮನೆಗೆ ಸುಮಾರು 6,700 ರೂಪಾಯಿ, 16ರ ಬದಲು 27 ತಿಂಗಳು. ಇನ್ನೂ ಫೈಬರ್ ಕಾಣದ ಬೀದಿಗೆ ತಂತಿ ಎಳೆಯೋ ಮುಂಚೆ ಕೇಬಲಿನವರು ಈಗ ಹಾಕ್ತಿರೋ ಲೆಕ್ಕ ಇದು.