ಕ್ಯಾಂಡಿ: ಕೆರೆ, ಹಲ್ಲು ಮತ್ತು ಜಾತಿ

ಬೌದ್ಧಧಮ್ಮದಲ್ಲಿ ಜಾತಿ ಇಲ್ಲ ಅಂತ ನಾವು ವೇದಿಕೆಗಳಲ್ಲಿ ಹೇಳುತ್ತಾ ಬಂದಿದ್ದೇವೆ. ಆ ಮಾತನ್ನು ಇಟ್ಟುಕೊಂಡೇ ಶ್ರೀಲಂಕಾದ ಕ್ಯಾಂಡಿ ನಗರವನ್ನು ನೋಡಬೇಕು. ಬುದ್ಧನ ಹಲ್ಲು ಎಂದು ಪೂಜೆಗೊಳ್ಳುವ ಅವಶೇಷ ಇರುವುದು ಇಲ್ಲಿನ ದಳದಾ ಮಾಳಿಗಾವ ಮಂದಿರದಲ್ಲಿ. ಪ್ರವಾಸಿಗಳು ಪಕ್ಕದ ಕೆರೆಯ ಚೆಲುವನ್ನು ಹೊಗಳುತ್ತಾರೆ. ಆ ಕೆರೆ ತಾನಾಗಿ ಆದದ್ದಲ್ಲ. ಕ್ಯಾಂಡಿಯ ಕೊನೆಯ ದೊರೆ ಶ್ರೀ ವಿಕ್ರಮ ರಾಜಸಿಂಹ 1807ರ ಹೊತ್ತಿಗೆ ಗದ್ದೆಬಯಲಿಗೆ ಒಡ್ಡು ಹಾಕಿಸಿದ. ಮಣ್ಣು ಹೊತ್ತವರು ‘ರಾಜಕಾರಿಯ’ದ ಜನ. ನಮ್ಮ ಕಡೆ ಇದಕ್ಕೆ ಬಿಟ್ಟಿ ಚಾಕರಿ ಅಂತಾರೆ. ದೊರೆಯ ಹೆಸರು ಚರಿತ್ರೆಯಲ್ಲಿ ಉಳಿಯಿತು, ಹೊತ್ತವರದು ಉಳಿಯಲಿಲ್ಲ.

ಇನ್ನು ಸಂಘದ ಕತೆ. ಲಂಕೆಯಲ್ಲಿ ಭಿಕ್ಷು ದೀಕ್ಷೆಯ ಪರಂಪರೆ ಕಡಿದುಹೋಗಿದ್ದಾಗ ದೊರೆ ಕೀರ್ತಿ ಶ್ರೀ ರಾಜಸಿಂಹ ಸಯಾಮಿನಿಂದ ಭಿಕ್ಷುಗಳನ್ನು ಕರೆಸಿದ. 1753ರಲ್ಲಿ ಕ್ಯಾಂಡಿಯಲ್ಲಿ ಅವರು ದೀಕ್ಷೆ ಕೊಟ್ಟರು. ಹಿರಿಯನ ಹೆಸರು ಉಪಾಲಿ. ಬುದ್ಧನ ಕಾಲದ ಉಪಾಲಿ ಯಾರು? ಕ್ಷೌರಿಕ. ಶಾಕ್ಯ ಕುಮಾರರ ಕುಲದ ಸೊಕ್ಕು ಮುರಿಯಲೆಂದು ಅವರಿಗಿಂತ ಮೊದಲು ಅವನಿಗೆ ದೀಕ್ಷೆ ಕೊಟ್ಟ ಪ್ರಸಂಗ ವಿನಯಪಿಟಕದಲ್ಲೇ ಇದೆ. ಅದೇ ಹೆಸರಿನ ಭಿಕ್ಷುವಿನಿಂದ ಹುಟ್ಟಿದ ಸಿಯಾಮ್ ನಿಕಾಯವೋ, ಕೆಲವೇ ವರ್ಷಗಳಲ್ಲಿ ಭೂಮಿಯುಳ್ಳ ಗೊಯಿಗಮ ಜಾತಿಯವರಿಗೆ ಮಾತ್ರ ಬಾಗಿಲು ತೆರೆದು ಉಳಿದವರಿಗೆ ಮುಚ್ಚಿತು. ದಾಲ್ಚಿನ್ನಿ ಸುಲಿಯುವ ಸಲಾಗಮ ಜಾತಿಯ ಭಿಕ್ಷುಗಳು ದೀಕ್ಷೆಗಾಗಿ ಕಡಲು ದಾಟಿ ಬರ್ಮಾದ ಅಮರಪುರಕ್ಕೆ ಹೋಗಬೇಕಾಯಿತು. 1803ರಲ್ಲಿ ಮರಳಿ ಬಂದು ಅಮರಪುರ ನಿಕಾಯ ಕಟ್ಟಿದರು. ಹಲ್ಲಿನ ಪೂಜೆಯ ಹೊಣೆ ಇವತ್ತಿಗೂ ಸಿಯಾಮ್ ನಿಕಾಯದ ಮಲ್ವತ್ತ, ಅಸ್ಗಿರಿಯ ವಿಹಾರಗಳದ್ದೇ.

ಇಲ್ಲಿನ ಪ್ರಸಿದ್ಧ ಎಸಳ ಪೆರಹೆರ ಮೆರವಣಿಗೆಗೆ ಡೋಲು ಬೇಕು. ಡೋಲು ಬಡಿಯೋದು ಪಾರಂಪರಿಕವಾಗಿ ಕೀಳೆಂದು ಎಣಿಸಿದ ಬೆರವ ಜಾತಿ. ಸದ್ದು ಪವಿತ್ರ, ಬಡಿದವನು ಅಲ್ಲ. ತಮಟೆಯ ನಾಡಿನವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸುತ್ತಲಿನ ಗುಡ್ಡಗಳ ಚಹಾ ತೋಟಗಳಲ್ಲಿ ದುಡಿದವರಲ್ಲಿ ಬಹುಪಾಲು ತಮಿಳುನಾಡಿನ ಅಸ್ಪೃಶ್ಯ ಜಾತಿಗಳಿಂದ ಹೋದವರು. 1948ರ ಪೌರತ್ವ ಕಾಯ್ದೆ ಅವರಲ್ಲಿ ಲಕ್ಷಾಂತರ ಜನರನ್ನು ನಾಡಿಲ್ಲದವರನ್ನಾಗಿ ಮಾಡಿತು. ಉಳಿದವರಿಗೆ ಪೌರತ್ವ ಕೊಡುವ ಕಾಯ್ದೆ ಬಂದದ್ದು 2003ರಲ್ಲಿ.

1950ರಲ್ಲಿ ಬಾಬಾಸಾಹೇಬರು ವಿಶ್ವ ಬೌದ್ಧ ಸಮ್ಮೇಳನದ ಸಂದರ್ಭದಲ್ಲಿ ಸಿಲೋನಿಗೆ ಹೋಗಿದ್ದರು. ಬೌದ್ಧಧರ್ಮ ಜನರ ನಡುವೆ ಎಷ್ಟು ಜೀವಂತವಾಗಿದೆ ಅಂತ ಕಣ್ಣಾರೆ ನೋಡೋದು ಅವರ ಉದ್ದೇಶವಾಗಿತ್ತು. ಅದೇ ವರ್ಷ ಪ್ರಕಟವಾದ ಲೇಖನದಲ್ಲಿ ಭಿಕ್ಷುಸಂಘ ಸಮಾಜಸೇವೆಗೆ ಇಳಿಯದೆ ಕೂತಿದೆ ಎಂದು ಕಟುವಾಗಿ ಟೀಕಿಸಿದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ತಾವು ದೀಕ್ಷೆ ಪಡೆದ ಮೇಲೆ ಲಕ್ಷಾಂತರ ಜನರಿಗೆ ತಾವೇ ದೀಕ್ಷೆ ಕೊಟ್ಟರು, ಜೊತೆಗೆ 22 ಪ್ರತಿಜ್ಞೆಗಳನ್ನು ಕೊಟ್ಟರು.

ಆ ಪ್ರತಿಜ್ಞೆಗಳು ಯಾಕೆ ಬೇಕಾದವು ಅನ್ನೋದಕ್ಕೆ ಕ್ಯಾಂಡಿ ಒಂದು ಉತ್ತರ. ಧರ್ಮ ಬದಲಾದ ಮಾತ್ರಕ್ಕೆ ಜಾತಿ ಸಾಯೋದಿಲ್ಲ. ಭೂಮಿ, ದೇಗುಲ, ದೀಕ್ಷೆ ಯಾರ ಕೈಯಲ್ಲಿವೆ ಅಂತ ಕೇಳದಿದ್ದರೆ ಬುದ್ಧನ ಹೆಸರಲ್ಲೂ ಜಾತಿ ಬದುಕುತ್ತದೆ. ನಮ್ಮ ಊರುಗಳಲ್ಲಿ ಈಗ ವಿಹಾರಗಳನ್ನು ಕಟ್ಟುತ್ತಿರುವ ಗೆಳೆಯರು ಈ ಪ್ರಶ್ನೆಯನ್ನು ಅಡಿಗಲ್ಲು ಹಾಕುವ ದಿನವೇ ಕೇಳಲಿ.