ತಡೆದು ಕಂಡ ಸತ್ಯ: ಸ್ನಾಯುಶಕ್ತಿಯ ಶೋಧದ ಹಾದಿ

ದುಡಿಯುವ ದೇಹವು ವಿಶ್ರಾಂತಿಯಲ್ಲಿರುವ ದೇಹಕ್ಕಿಂತ ಹೆಚ್ಚು ಆಮ್ಲಜನಕವನ್ನು ಬಳಸುತ್ತದೆಂದು ಫ್ರಾನ್ಸಿನ ಲವಾಸಿಯೆ, ತಮ್ಮ ಸಹಾಯಕ ಸೆಗ್ವಿನ್ ಅವರನ್ನೇ ಪ್ರಯೋಗಕ್ಕೆ ಒಡ್ಡಿ, 1790ರ ಸುಮಾರಿಗೆ ಅಳೆದು ತೋರಿಸಿದರು. ಉಸಿರಾಟವೂ ಒಂದು ಬಗೆಯ ದಹನವೆಂಬುದು ಇದರಿಂದ ದೃಢವಾಯಿತಾದರೂ, ಸ್ನಾಯುವಿನಲ್ಲಿ ಉರಿಯುವ ಇಂಧನ ಯಾವುದೆಂಬ ಪ್ರಶ್ನೆ ಹಾಗೆಯೇ ಉಳಿಯಿತು. ಅದಕ್ಕೆ ಉತ್ತರ ಹುಡುಕಿದ ನಿರ್ಣಾಯಕ ಪ್ರಯೋಗಗಳಲ್ಲಿ ಹಲವು, ಯಾವುದಾದರೊಂದು ವಸ್ತುವನ್ನೋ ಕ್ರಿಯೆಯನ್ನೋ ತಡೆದು, ಅದಿಲ್ಲದೆಯೂ ಸ್ನಾಯು ದುಡಿಯಬಲ್ಲುದೇ ಎಂದು ಪರೀಕ್ಷಿಸಿದಂಥವು.

ಸ್ನಾಯು ತನ್ನದೇ ಪ್ರೋಟೀನನ್ನು ವ್ಯಯಿಸಿ ಕೆಲಸ ಮಾಡುತ್ತದೆಂದು ಜರ್ಮನಿಯ ಲೀಬಿಗ್ 1842ರಲ್ಲಿ ಪ್ರತಿಪಾದಿಸಿದ್ದರು. 1865ರಲ್ಲಿ ಫಿಕ್ ಮತ್ತು ವಿಸ್ಲಿಸೇನಸ್ ಹಿಂದಿನ ದಿನದಿಂದಲೇ ಪ್ರೋಟೀನುಳ್ಳ ಆಹಾರವನ್ನು ಬಿಟ್ಟು, ಪಿಷ್ಟ, ಕೊಬ್ಬು ಮತ್ತು ಸಕ್ಕರೆಯನ್ನಷ್ಟೇ ತಿಂದು, ಸ್ವಿಟ್ಜರ್‌ಲ್ಯಾಂಡಿನ ಫೌಲ್‌ಹಾರ್ನ್ ಬೆಟ್ಟವನ್ನು ಅದರ ಬುಡದ ಸರೋವರದ ದಡದಿಂದ 1,956 ಮೀಟರ್ ಎತ್ತರಕ್ಕೆ ಏರಿದರು. ಮೂತ್ರದಲ್ಲಿದ್ದ ಸಾರಜನಕದಿಂದ ಲೆಕ್ಕಹಾಕಿದಾಗ, ಕರಗಿದ ಪ್ರೋಟೀನಿನ ಶಕ್ತಿಯು ಅವರ ದೇಹಭಾರವನ್ನು ಅಷ್ಟು ಎತ್ತರಕ್ಕೆ ಒಯ್ಯಲು ಸಹ ಸಾಲುತ್ತಿರಲಿಲ್ಲ. ಹೆಚ್ಚು ದುಡಿಯುವವರಿಗೆ ಮಾಂಸವೇ ಮುಖ್ಯ ಇಂಧನವೆಂಬ ನಂಬಿಕೆ ಅಂದೇ ಬಿದ್ದುಹೋಗಬೇಕಿತ್ತು. ಆದರೆ ಅದು ಆಟಗಾರರ ನಡುವೆ ಬಹುಕಾಲ ಉಳಿಯಿತು.

ಆ ಬಳಿಕ ಗಮನವೆಲ್ಲ ಲ್ಯಾಕ್ಟಿಕ್ ಆಮ್ಲದತ್ತ ಹರಿಯಿತು. ಆಮ್ಲಜನಕ ದೊರೆಯದ ಕಪ್ಪೆಯ ಸ್ನಾಯುವಿನಲ್ಲಿ ಈ ಆಮ್ಲ ಸಂಗ್ರಹವಾಗಿ, ಆಮ್ಲಜನಕ ದೊರೆತೊಡನೆ ಕಡಿಮೆಯಾಗುವುದನ್ನು ಕೇಂಬ್ರಿಜ್‌ನ ಫ್ಲೆಚರ್ ಮತ್ತು ಹಾಪ್‌ಕಿನ್ಸ್ 1907ರಲ್ಲಿ ನಿರೂಪಿಸಿದರು. ಹಿಲ್ ಮತ್ತು ಮೇಯರ್‌ಹಾಫ್ ಅವರಿಗೆ 1922ರ ನೊಬೆಲ್ ಪ್ರಶಸ್ತಿಯನ್ನು ತಂದ ಸಂಶೋಧನೆಯ ಕಾಲದಲ್ಲಿ, ಸ್ನಾಯುವನ್ನು ಸಂಕುಚಿಸುವುದೇ ಈ ಆಮ್ಲವೆಂಬ ನಂಬಿಕೆ ಬೇರೂರಿತ್ತು. ಡೆನ್ಮಾರ್ಕಿನ ಲುಂಡ್ಸ್‌ಗಾರ್ಡ್ 1930ರಲ್ಲಿ ಅಯೋಡೋ ಅಸೆಟಿಕ್ ಆಮ್ಲವೆಂಬ ವಿಷದಿಂದ ಲ್ಯಾಕ್ಟಿಕ್ ಆಮ್ಲದ ಉತ್ಪತ್ತಿಯನ್ನು ಪೂರ್ತಿ ನಿಲ್ಲಿಸಿದರೂ ಸ್ನಾಯು ಹಲವು ಬಾರಿ ಸಂಕುಚಿಸಿತು. ಕ್ರಿಯಾಟಿನ್ ಫಾಸ್ಫೇಟ್ ಎಂಬ ಸಂಯುಕ್ತ ಮುಗಿದಾಗಲೇ ಅದು ನಿಂತಿತು. ತಮ್ಮ ಸಿದ್ಧಾಂತವನ್ನೇ ಕೆಡವಿದ ಈ ಫಲಿತಾಂಶವನ್ನು ಹಿಲ್ 1932ರಲ್ಲಿ ಕ್ರಾಂತಿಯೆಂದೇ ಸ್ವಾಗತಿಸಿದ್ದು ವಿಜ್ಞಾನದ ಚರಿತ್ರೆಯಲ್ಲಿ ಅಪರೂಪದ ಔದಾರ್ಯ.

ಆ ಸಂಯುಕ್ತವನ್ನು 1927ರಲ್ಲಿ ಗುರುತಿಸಿದವರಲ್ಲಿ ಹಾರ್ವರ್ಡ್‌ನ ಫಿಸ್ಕ್ ಅವರೊಂದಿಗೆ, ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಇದ್ದರು. ಅಡಿನೋಸಿನ್ ಟ್ರೈಫಾಸ್ಫೇಟ್, ಅಂದರೆ ಎಟಿಪಿ, 1929ರಲ್ಲಿ ಬೆಳಕಿಗೆ ಬಂದಾಗಲೂ ಜರ್ಮನಿಯ ಲೋಮನ್ ಅವರ ಹೆಸರಿನೊಡನೆ ಈ ಇಬ್ಬರ ಹೆಸರೂ ಸೇರಿತು. ಸುಬ್ಬರಾವ್ ಅವರ ಈ ಕೊಡುಗೆಗೆ ಭಾರತದಲ್ಲಿ ಸಲ್ಲಬೇಕಾದಷ್ಟು ಗೌರವ ಇನ್ನೂ ಸಂದಿಲ್ಲ. ಮೂರು ಫಾಸ್ಫೇಟ್ ಗುಂಪುಗಳುಳ್ಳ ಎಟಿಪಿ ಒಂದನ್ನು ಕಳಚಿಕೊಳ್ಳುವಾಗ ಹೊಮ್ಮುವ ಶಕ್ತಿಯೇ ಸ್ನಾಯುವನ್ನು ನಡೆಸುತ್ತದೆ. ಅದರ ದಾಸ್ತಾನು ತೀವ್ರ ಶ್ರಮದಲ್ಲಿ ಕೆಲವೇ ಸೆಕೆಂಡುಗಳಿಗೆ ಸಾಲುವುದರಿಂದ, ಕ್ರಿಯಾಟಿನ್ ಫಾಸ್ಫೇಟು ಅದನ್ನು ತಕ್ಷಣವೂ, ಸಕ್ಕರೆಯ ವಿಭಜನೆ ಸ್ವಲ್ಪ ತಡವಾಗಿಯೂ, ಮೈಟೋಕಾಂಡ್ರಿಯಗಳಲ್ಲಿ ಆಮ್ಲಜನಕದ ನೆರವಿನಿಂದ ನಡೆಯುವ ದಹನವು ನಿಧಾನವಾಗಿ ಆದರೆ ದೀರ್ಘಕಾಲವೂ ಮರುಪೂರೈಸುತ್ತವೆ. ಹಾಗಿದ್ದೂ, ಜೀವಂತ ಸ್ನಾಯುವಿನ ಸಂಕೋಚನದಲ್ಲಿ ಎಟಿಪಿ ವ್ಯಯವಾಗುವುದನ್ನು ಕಣ್ಣಾರೆ ತೋರಿಸಿ ಎಂದು 1950ರಲ್ಲಿ ಹಿಲ್ ಜೀವರಸಾಯನಜ್ಞರಿಗೆ ಸವಾಲೆಸೆದರು. ಕೇನ್ ಮತ್ತು ಡೇವೀಸ್ 1962ರಲ್ಲಿ, ಕ್ರಿಯಾಟಿನ್ ಫಾಸ್ಫೇಟಿನ ಪೂರೈಕೆಯನ್ನು ಒಂದು ರಾಸಾಯನಿಕದಿಂದ ತಡೆದ ನಂತರವೇ ಎಟಿಪಿಯ ಕುಸಿತ ಕಾಣಿಸಿತು.

ಮನುಷ್ಯರ ಸ್ನಾಯುವಿನೊಳಕ್ಕೆ ನೇರ ದಾರಿ ತೆರೆದದ್ದು ಸ್ವೀಡನ್ನಿನ ಬರ್ಗ್‌ಸ್ಟ್ರಾಮ್ ಮತ್ತು ಹಲ್ಟ್‌ಮನ್ ಸ್ನಾಯುವಿನ ಚೂರನ್ನು ಹೊರತೆಗೆಯಲು ಬಳಸಿದ ಸೂಜಿ. 1966ರ ಪ್ರಯೋಗದಲ್ಲಿ ಅವರೇ ಒಂದೊಂದು ಕಾಲಿನಿಂದ ಸೈಕಲ್ ತುಳಿದು, ದಣಿದ ಕಾಲಿನಲ್ಲಿ ಗ್ಲೈಕೋಜನ್, ಎಂದರೆ ಸ್ನಾಯುವಿನಲ್ಲಿ ಶೇಖರವಾದ ಪಿಷ್ಟದಂಥ ಸಕ್ಕರೆ, ಬರಿದಾಗುವುದನ್ನೂ, ಅನ್ನ ರೊಟ್ಟಿಗಳಂಥ ಆಹಾರದ ನಂತರ ಅದೇ ಕಾಲಿನಲ್ಲಿ ವಿಶ್ರಾಂತಿಯಲ್ಲಿದ್ದ ಕಾಲಿಗಿಂತ ಬಹಳ ಹೆಚ್ಚಾಗಿ ತುಂಬುವುದನ್ನೂ ಕಂಡರು. ಮ್ಯಾರಥಾನ್ ಓಟಗಾರರ ಪಂದ್ಯಪೂರ್ವದ ಊಟದ ಕ್ರಮ ಇದರಿಂದ ಹುಟ್ಟಿತು. ಮರುವರ್ಷ ಅಮೆರಿಕದ ಹಾಲೊಸಿ, ಓಟದ ಅಭ್ಯಾಸ ಪಡೆದ ಇಲಿಗಳ ಸ್ನಾಯುಗಳಲ್ಲಿ ಮೈಟೋಕಾಂಡ್ರಿಯಗಳ ದಹನಸಾಮರ್ಥ್ಯ ಹೆಚ್ಚುವುದನ್ನು ವರದಿ ಮಾಡಿದರು.

ತ್ಯಾಜ್ಯವೆನಿಸಿದ್ದ ಲ್ಯಾಕ್ಟೇಟಿಗೂ, ಎಂದರೆ ದೇಹದಲ್ಲಿ ಲ್ಯಾಕ್ಟಿಕ್ ಆಮ್ಲ ಇರುವ ರೂಪಕ್ಕೂ, 1980ರ ದಶಕದಲ್ಲಿ ಹೊಸ ಅರ್ಥ ಬಂತು. ಒಂದು ಸ್ನಾಯುತಂತು ಹೊರಬಿಟ್ಟ ಲ್ಯಾಕ್ಟೇಟನ್ನು ಇನ್ನೊಂದು ತಂತುವೂ ಹೃದಯವೂ ಇಂಧನವಾಗಿ ಉರಿಸುತ್ತವೆಂದು ಬರ್ಕ್ಲಿಯ ಜಾರ್ಜ್ ಬ್ರೂಕ್ಸ್ ವಾದಿಸಿದರು. ವ್ಯಾಯಾಮ ಮುಗಿದ ಒಂದೆರಡು ಗಂಟೆಗಳಲ್ಲೇ ಅದು ರಕ್ತದಲ್ಲಿ ಮೊದಲಿನ ಮಟ್ಟಕ್ಕೆ ಇಳಿಯುವುದರಿಂದ, ಮರುದಿನದ ಮೈಕೈ ನೋವಿಗೆ ಅದು ಕಾರಣವಲ್ಲ. ಆ ನೋವು ಬಹುಮಟ್ಟಿಗೆ ಅಭ್ಯಾಸವಿಲ್ಲದ ಶ್ರಮದಿಂದ ತಂತುಗಳಿಗೆ ಆಗುವ ಸೂಕ್ಷ್ಮ ಹಾನಿಗೂ ಅದನ್ನು ಹಿಂಬಾಲಿಸುವ ಉರಿಯೂತಕ್ಕೂ ಸಂಬಂಧಿಸಿದ್ದು.